ಮುಗಿಸದೆ ಬಿಟ್ಟ ಹಲ್ಲು

ಅಂಕಮ್ಮನ ಬಾಯಿಗೆ ಆ ಡೆಂಟಲ್ ಕಾಲೇಜಿನಲ್ಲಿ ಭಾರಿ ಬೇಡಿಕೆ ಇತ್ತು. ಅಂಕಮ್ಮ ಯಾರಿಗೂ ಬೇಕಿರಲಿಲ್ಲ. ಬಾಯಿ ಮಾತ್ರ ಬೇಕಿತ್ತು.

ಅವಳು ಸಾರಕ್ಕಿ ಕೆರೆಯ ಹಿಂದಿನ ಕಾಲೊನಿಯವಳು. ಜೆ.ಪಿ. ನಗರದ ಬೀದಿ ಗುಡಿಸುವ ಪೌರಕಾರ್ಮಿಕೆ. ಗಂಡ ಸಂಜೀವಯ್ಯ ತೀರಿಕೊಂಡು ವರ್ಷಗಳಾದವು. ಮಗಳು ರೇಖಾ ಜಯನಗರದಲ್ಲಿ ಬಿ.ಕಾಂ. ಓದುತ್ತಾಳೆ. ತಾಯಿ ಮಗಳಿಗೆ ಒಂದು ರೂಮು, ಒಂದು ಅಡುಗೆಕಟ್ಟೆ, ಗೋಡೆಯ ಮೇಲೆ ಬುದ್ಧನ ಪಟ.

ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿದರೆ ಬಿಸಿಲು ನೆತ್ತಿಗೇರುವವರೆಗೆ ಸೊಂಟ ಎತ್ತುವಂತಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಎಂದು ಪಾಲಿಕೆ ಗೋಡೆ ಗೋಡೆಗೆ ಬರೆಸಿದೆ. ಮನೆಯವರು ಬೇರೆ ಮಾಡುವುದಿಲ್ಲ. ಅಂಕಮ್ಮನ ಬೆರಳುಗಳು ಬೇರೆ ಮಾಡುತ್ತವೆ. ಹಳಸಿದ ಅನ್ನ, ಮಗುವಿನ ಡೈಪರು, ಪೇಪರಿನಲ್ಲಿ ಸುತ್ತಿದ ಪ್ಯಾಡು, ಕೋಳಿಯ ಕರುಳು, ಒಡೆದ ಬಲ್ಬು, ಎಲ್ಲವೂ ಒಂದೇ ಕವರಿನಲ್ಲಿ. ಗಂಟು ಬಿಚ್ಚಿದರೆ ಹೊಟ್ಟೆಯೊಳಗಿನದು ಗಂಟಲಿಗೆ ಬರುತ್ತದೆ. ಅದಕ್ಕೇ ದವಡೆಯಲ್ಲಿ ಎಲೆ, ಅಡಿಕೆ, ಕಡ್ಡಿಪುಡಿ. ಆ ಘಾಟು ಮೂಗಿಗೆ ಏರಿದರೆ ಬೇರೆ ವಾಸನೆ ಏರುವುದಿಲ್ಲ. ಡಾಕ್ಟರರು ಇದನ್ನು ಚಟ ಎನ್ನುತ್ತಾರೆ. ನಾರುವ ಕವರು ಕಟ್ಟಿ ಗೇಟಿನ ಹೊರಗೆ ಎಸೆಯುವವರದು ಮಾತ್ರ ಚಟವಲ್ಲ, ಅದು ಅವರ ಹಕ್ಕು.

ಹಲ್ಲು ನೋವು ಶುರುವಾಗಿದ್ದ ದಿನಗಳಲ್ಲೇ ಕಾಲೇಜಿನ ಬಸ್ಸು ಕಾಲೊನಿಗೆ ಬಂತು. ಉಚಿತ ದಂತ ತಪಾಸಣೆ ಎಂದು ಬ್ಯಾನರು ಕಟ್ಟಿದರು. ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು. ಡಾಕ್ಟರಾಗಲು ಓದುವವರಿಗೆ ಬಾಯಿಗಳು ಬೇಕು. ಅವರ ಮನೆಯವರ ಬಾಯಿ, ನೆಂಟರ ಬಾಯಿ ಇದಕ್ಕೆ ಆಗುವುದಿಲ್ಲ. ಅವರು ಬಾಯಿ ಹುಡುಕಿಕೊಂಡು ಬರುವುದು ಇಂಥ ಕಡೆಗೇ.

ಮೇಘಶ್ರೀ ಎಂಬ ಹುಡುಗಿ ಅಂಕಮ್ಮನ ಬಾಯಿಗೆ ಟಾರ್ಚು ಬಿಟ್ಟಳು. ಪಿ.ಜಿ. ಓದುತ್ತಿದ್ದ ಡಾಕ್ಟರಮ್ಮ. ಮೊದಲು ಕೆಳಗಿನ ದವಡೆ ಹಲ್ಲು ನೋಡಿದಳು. ಆಮೇಲೆ ಕೆನ್ನೆಯ ಒಳಗೆ ನೋಡಿದಳು. ಅಲ್ಲಿ ಅಂಕಮ್ಮ ಎಲೆ ಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ ಒಂದು ಬಿಳಿ ಮಚ್ಚೆ ಇತ್ತು. ಡಾಕ್ಟರಮ್ಮನ ಮುಖ ಅರಳಿತು. ಪಕ್ಕದವಳನ್ನು ಕರೆದು ತೋರಿಸಿದಳು. ಅವಳೂ ಹಿಗ್ಗಿದಳು. ನೆರೆಮನೆಯವರೆಲ್ಲ ಅಂಕಮ್ಮನಿಗೆ ಏನೋ ಅದೃಷ್ಟ ಖುಲಾಯಿಸಿತು ಎಂದುಕೊಂಡರು.

ಅದೃಷ್ಟ ಖುಲಾಯಿಸಿದವಳು ಇನ್ನೊಬ್ಬಳೂ ಇದ್ದಳು. ಲಕ್ಷ್ಮಮ್ಮ. ಅದೇ ಕಾಲೊನಿ, ಪಕ್ಕದ ಬೀದಿಯ ಪೊರಕೆ, ಅದೇ ಬಿಳಿ ಮಚ್ಚೆ. ಲಕ್ಷ್ಮಮ್ಮನ ಗದ್ದದ ಮೇಲೆ ಹಸಿರು ಹಚ್ಚೆ ಇತ್ತು, ಒಂದು ಚುಕ್ಕಿಯ ಸುತ್ತ ಸಣ್ಣ ಸಣ್ಣ ಚುಕ್ಕಿಗಳು. ಅವಳು ನಕ್ಕರೆ ಚುಕ್ಕಿಗಳೂ ಅಗಲವಾಗುತ್ತಿದ್ದವು. ಕತ್ತಲಲ್ಲಿ ಕಳೆದುಹೋದರೂ ಗದ್ದ ಹಿಡಿದು ಹುಡುಕಬಹುದು ಕಣೇ ನಿನ್ನ ಎಂದು ಅಂಕಮ್ಮ ಅವಳನ್ನು ಕಾಡಿಸುತ್ತಿದ್ದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದರು.

ಅಲ್ಲಿ ಯಜಮಾನ ಡಾಕ್ಟರ್ ಸೋಮನಾಥ್. ಹಣೆಯಲ್ಲಿ ವಿಭೂತಿ, ಮೈಗೆ ಇಸ್ತ್ರಿ ಮಾಡಿದ ಕೋಟು, ಬಾಯಲ್ಲಿ ಸಕ್ಕರೆ. ಮಚ್ಚೆಗೆ ಒಂದು ಹೊಸ ಮುಲಾಮು ಹಚ್ಚಿ ನೋಡುತ್ತಿದ್ದೇವೆ, ತಿಂಗಳಿಗೊಮ್ಮೆ ಬಂದು ಫೋಟೋ ತೆಗೆಸಿಕೊಂಡರೆ ಸಾಕು, ಹಲ್ಲನ್ನೂ ಪುಕ್ಕಟೆಯಾಗಿ ಸರಿಮಾಡಿಕೊಡುತ್ತೇವೆ ಎಂದ. ಕಡ್ಡಿಪುಡಿ ಬಿಡಬೇಕು ಎಂದೂ ಒಂದು ಮಾತು ಹೇಳಿದ. ಬಿಟ್ಟರೆಷ್ಟು ಬಿಡದಿದ್ದರೆಷ್ಟು ಎನ್ನುವ ಹಾಗೆ ಹೇಳಿದ. ಇಂಗ್ಲಿಷಿನ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಅಂಕಮ್ಮ ಹೆಸರು ಬರೆದಳು, ಲಕ್ಷ್ಮಮ್ಮ ಹೆಬ್ಬೆಟ್ಟು ಒತ್ತಿದಳು.

ಮಚ್ಚೆಯಿಂದ ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಏನು ಬಂತೆಂದು ಹೇಳಲಿಲ್ಲ. ಹಲ್ಲು ಕೊರೆದರು. ಒಳಗಿನ ನರ ಕೊಳೆತಿದೆ ಎಂದು ಸೂಜಿ ಹಾಕಿ ಎಳೆದು ತೆಗೆದರು. ಆ ತೂತಿಗೆ ಔಷಧಿಯ ಹತ್ತಿ ಇಟ್ಟು ಮೇಲೊಂದು ತಾತ್ಕಾಲಿಕ ಸಿಮೆಂಟು ಮೆತ್ತಿ ಕಳಿಸಿದರು. ಮುಂದಿನ ಸಲ ಬಂದಾಗ ಗಟ್ಟಿಯಾಗಿ ತುಂಬಿ ಮುಗಿಸುತ್ತೇವೆ ಎಂದರು.

ಮುಂದಿನ ಸಲವೂ ಹತ್ತಿಯೇ. ಅದರ ಮುಂದಿನ ಸಲವೂ ಹತ್ತಿಯೇ. ನಡುವೆ ಸಿಮೆಂಟು ಉದುರುತ್ತಿತ್ತು. ತೂತಿಗೆ ಅನ್ನದಗುಳು ಸೇರಿ, ಹುಳಿ ಸೇರಿ, ತಲೆಯ ಒಂದು ಭಾಗವೇ ಸಿಡಿಯುತ್ತಿತ್ತು. ಅಂಕಮ್ಮ ಟವಲನ್ನು ದವಡೆಗೆ ಬಿಗಿದು ಬೀದಿ ಗುಡಿಸಿದಳು. ಕಸದ ಗಾಡಿ ತಳ್ಳುವಾಗ ಹಲ್ಲು ಕಚ್ಚಿ ಬಲ ಹಾಕಬೇಕು. ಕಚ್ಚುವಂತಿರಲಿಲ್ಲ. ಬಾಯಿ ತೆರೆದುಕೊಂಡೇ ತಳ್ಳಿದಳು. ಕಾಲೇಜಿಗೆ ಹೋದ ದಿನ ಮೇಸ್ತ್ರಿ ಹಾಜರಿ ಹಾಕುತ್ತಿರಲಿಲ್ಲ. ಹೋಗದೆ ಇರುವಂತೆಯೂ ಇರಲಿಲ್ಲ, ಹಲ್ಲು ಅವರ ಕೈಯಲ್ಲಿತ್ತು.

ಲಕ್ಷ್ಮಮ್ಮನ ಮಚ್ಚೆ ಮೊದಲು ಕುಗ್ಗಿತು. ಡಾಕ್ಟರ್ ಸೋಮನಾಥ್ ಅವಳ ಬೆನ್ನು ತಟ್ಟಿದ. ಫೋಟೋಗಳ ಮೇಲೆ ಫೋಟೋ ತೆಗೆದರು. ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಹುಣ್ಣಾಯಿತು, ಹುಣ್ಣು ಗಂಟಾಯಿತು. ಆಗ ಬೆನ್ನು ತಟ್ಟಿದ ಕೈ ಒಂದು ಚೀಟಿ ಬರೆದು ಕೊಟ್ಟಿತು, ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಮ್ಮ ಎಂದು. ಜೊತೆಗೆ ಯಾರೂ ಬರಲಿಲ್ಲ. ಅಲ್ಲಿಗೆ ಹೋಗುವ ಹೊತ್ತಿಗೆ ಅದು ಕತ್ತಿಗೆ ಇಳಿದಿತ್ತು. ಅಲ್ಲಿಯ ಡಾಕ್ಟರರು ಕೈಲಾದದ್ದು ಮಾಡಿದರು. ಕೆಳದವಡೆ ತೆಗೆದರು, ಗದ್ದವೂ ಹೋಯಿತು, ಹಚ್ಚೆಯೂ ಹೋಯಿತು. ಲಕ್ಷ್ಮಮ್ಮ ಮೂಗಿನ ಪೈಪಿನಲ್ಲಿ ಗಂಜಿ ಕುಡಿದುಕೊಂಡು ಒಂದಷ್ಟು ದಿನ ಬದುಕಿದಳು. ಮಾತು ಇರಲಿಲ್ಲ. ಅಂಕಮ್ಮ ಹೋದಾಗ ಕೈ ಹಿಡಿದುಕೊಂಡು ತನ್ನ ಬಾಯಿ ಇದ್ದ ಜಾಗ ತೋರಿಸಿ, ಅಂಕಮ್ಮನ ಕೆನ್ನೆ ಮುಟ್ಟುತ್ತಿದ್ದಳು.

ಯುಗಾದಿ ಕಳೆದು ವಾರಕ್ಕೆ ಸತ್ತಳು. ಹೆಣಕ್ಕೆ ಸ್ನಾನ ಮಾಡಿಸಿದ್ದು ಅಂಕಮ್ಮ. ಮುಖದ ಕೆಳಗೆ ಬಿಳಿ ಬಟ್ಟೆ ಕಟ್ಟಿದ್ದೂ ಅವಳೇ. ಹೆಣ ಎತ್ತುವ ಮುಂಚೆ ಸೆರಗಿನ ಗಂಟಿನಲ್ಲಿದ್ದ ಕಡ್ಡಿಪುಡಿ ಪೊಟ್ಟಣವನ್ನು ಮೋರಿಗೆ ಎಸೆದಳು. ಮತ್ತೆ ಮುಟ್ಟಲಿಲ್ಲ. ಕಸದ ವಾಸನೆಗೆ ಕೆಲವು ದಿನ ಬೀದಿಯಲ್ಲೇ ವಾಂತಿ ಮಾಡಿಕೊಂಡಳು. ಒಬ್ಬ ಯಜಮಾನಿ ಗೇಟಿನೊಳಗಿಂದ, ವಾಂತಿಗೆ ನೀರು ಹಾಕಿ ತೊಳಿ ಎಂದಳು.

ಆ ತಿಂಗಳು ಕಾಲೇಜಿಗೆ ಹೋದಾಗ ಅಂಕಮ್ಮ, ಲಕ್ಷ್ಮಮ್ಮ ಹೋಗಿಬಿಟ್ಟಳು ಎಂದು ಮೇಘಶ್ರೀಗೆ ಹೇಳಿದಳು. ಹುಡುಗಿ ತಲೆ ತಗ್ಗಿಸಿದಳು. ಒಳಗೆ ಹೋಗಿ ತನ್ನ ಗುರುವಿಗೆ ಹೇಳಿ ಬಂದಳು. ಬಾಗಿಲು ತೆರೆದೇ ಇತ್ತು, ಅಂಕಮ್ಮ ನೋಡಿದಳು. ಅವನು ಹೌದಾ ಎಂದು ತಲೆಯಾಡಿಸಿ ಕಂಪ್ಯೂಟರಿನ ಕಡೆ ತಿರುಗಿದ.

ಅದರ ಮುಂದಿನ ತಿಂಗಳು ಆದದ್ದು ಇದು. ಅಂಕಮ್ಮ ಕುರ್ಚಿಯಲ್ಲಿ ಮಲಗಿದ್ದಳು. ಹಲ್ಲಿಗೆ ರಬ್ಬರಿನ ಹಾಳೆ ಸಿಕ್ಕಿಸಿ, ಬಾಯಿ ಮುಚ್ಚದ ಹಾಗೆ ದವಡೆಯ ನಡುವೆ ಒಂದು ತುಂಡು ತುರುಕಿ, ಕಣ್ಣಿನ ಮೇಲೆ ಹಸಿರು ಬಟ್ಟೆ ಹಾಕಿದ್ದರು. ಉಗುಳು ಎಳೆಯುವ ಪೈಪು ತುಟಿಯಂಚಿನಲ್ಲಿ ಗೊರಗೊರ ಅನ್ನುತ್ತಿತ್ತು. ಸೋಮನಾಥ್ ಬಂದು ತಲೆಯ ಹತ್ತಿರ ನಿಂತ.

ನರದ ದಾರಿ ಪೂರ್ತಿ ಕ್ಲೀನಾಗಿದೆ, ಇವತ್ತು ತುಂಬಿ ಮುಗಿಸಿಬಿಡಲೇ ಎಂದು ಮೇಘಶ್ರೀ ಕೇಳಿದಳು.

"ಮುಗಿಸ್ಬೇಡ. ಹಲ್ಲು ಸರಿಹೋದ್ರೆ ಇವ್ರು ಮತ್ತೆ ಈ ಕಡೆ ಬರ್ತಾರಾ? ಹತ್ತಿ ಇಟ್ಟು ಕಳ್ಸು."

"ಸರ್, ಪ್ಯಾಚ್ ಅಂಚು ಕೆಂಪಾಗಿದೆ. ಮೊದಲ್ನೇ ರಿಪೋರ್ಟೇ ಚೆನ್ನಾಗಿರ್ಲಿಲ್ಲ. ಸರ್ಜರಿಗೆ ಕಳ್ಸೋದು ಒಳ್ಳೇದಲ್ವಾ?"

"ಕಳ್ಸಿದ್ರೆ ಸ್ಟಡಿಯಿಂದ ಹೋದ ಹಾಗೇನೆ. ಆ ಲಕ್ಷ್ಮಮ್ಮನ ಕೇಸೂ ಹೋಯ್ತು. ಇದೂ ಹೋದ್ರೆ ಏನ್ ತೋರಿಸ್ತೀಯ? ಕಾನ್ಫರೆನ್ಸ್ ಮುಗೀಲಿ, ಆಮೇಲೆ ನೋಡೋಣ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆದರೆ ಬೆಕ್ಕು ಕೂಡ ಇಲಿಯ ಕಿವಿಯ ಪಕ್ಕ ನಿಂತು ಇದನ್ನೆಲ್ಲ ಹೇಳುವುದಿಲ್ಲ. ಬಾಯಿ ತೆರೆದು ಮಲಗಿದವರಿಗೆ ಕಿವಿ ಕೇಳುವುದಿಲ್ಲ ಎಂದು ಆ ಕಾಲೇಜಿನವರಿಗೆ ಯಾರು ಕಲಿಸಿದರೋ. ದಿನಾ ಹಾಗೆ ಕುರ್ಚಿಯ ಮೇಲಿನವರ ತಲೆಯ ಮೇಲೇ ಮಾತಾಡಿ ಅವರಿಗೆ ರೂಢಿಯಾಗಿತ್ತು. ಅಂಕಮ್ಮನಿಗೆ ಮಾತು ಮಾತೂ ಕೇಳಿಸಿತು. ಕೂಗಬೇಕೆಂದರೆ ನಾಲಿಗೆ ರಬ್ಬರಿನ ಅಡಿಯಲ್ಲಿತ್ತು. ಕೈ ಎತ್ತಿದಳು. ನೋವಾಯ್ತಾ ಆಂಟಿ, ಆಯ್ತು ಆಯ್ತು ಎಂದು ಮೇಘಶ್ರೀ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಹತ್ತಿ ಇಟ್ಟಳು. ಸಿಮೆಂಟು ಮೆತ್ತಿದಳು.

ಮೆಟ್ಟಿಲಿಳಿಯುವಾಗ ಅಂಕಮ್ಮನಿಗೆ ಸಾವಿನ ಭಯ ಇತ್ತು, ಸ್ವಲ್ಪ. ಉಳಿದದ್ದು ಸಿಟ್ಟು. ಇಷ್ಟು ತಿಂಗಳು ತಲೆ ಒಡೆಯುವ ನೋವು ತಿಂದದ್ದು ರೋಗದಿಂದ ಅಲ್ಲ, ಒಬ್ಬನ ಲೆಕ್ಕಾಚಾರದಿಂದ. ದನವನ್ನು ಗೂಟಕ್ಕೆ ಕಟ್ಟುವಂತೆ ತನ್ನನ್ನು ತನ್ನ ಹಲ್ಲಿಗೇ ಕಟ್ಟಿಹಾಕಿದ್ದಾನೆ. ಲಕ್ಷ್ಮಮ್ಮನನ್ನೂ ಹೀಗೇ ಕಟ್ಟಿಹಾಕಿ ಕೊಂದಿದ್ದಾನೆ. ಇವನನ್ನು ಬಿಡಬಾರದು ಎಂದು ಬಸ್ ಸ್ಟಾಪಿನಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿಕೊಂಡಳು. ಪಕ್ಕದವನು ಸರಿದು ನಿಂತ.

ಮಾರನೆಯ ದಿನ ರೇಖಾ ತಾಯಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಜನ ಸಂತೆಯಂತಿದ್ದರು. ಆದರೂ ಅಲ್ಲಿಯ ಡಾಕ್ಟರು ನೋಡಿದ ಕೂಡಲೇ ಚೂರು ಕೊಯ್ದು ಪರೀಕ್ಷೆಗೆ ಹಾಕಿದರು. ರಿಪೋರ್ಟು ಬಂದಾಗ ತಾಯಿ ಮಗಳು ಇಬ್ಬರನ್ನೂ ಕೂರಿಸಿ ಹೇಳಿದರು. ಕ್ಯಾನ್ಸರ್ ಶುರುವಾಗಿದೆ. ಆಪರೇಷನ್ನಿಗೆ ದಿನ ಕೊಟ್ಟರು. ಆ ದಿನ ಕಾಲೇಜಿನ ಕಾನ್ಫರೆನ್ಸ್ ಆದ ಎರಡು ದಿನಕ್ಕಿತ್ತು.

ಸಂಘದ ಬೋರಣ್ಣ, ಆ ಕಡೆ ತಲೆ ಹಾಕಬೇಡ, ನೇರ ಪೊಲೀಸಿಗೆ ಹೋಗೋಣ ಎಂದ. ಅವನು ಪೌರಕಾರ್ಮಿಕರ ಸಂಘದ ಹಳೆಯ ಹುಲಿ, ಮೇಸ್ತ್ರಿಗಳೂ ಅವನಿಗೆ ಹೆದರುತ್ತಾರೆ. ಅಂಕಮ್ಮ ಒಪ್ಪಲಿಲ್ಲ. ಬಾಯಿ ಕೊಯ್ಯುವ ಮುಂಚೆ ಈ ಬಾಯಿಂದ ಮಾಡುವ ಕೆಲಸ ಒಂದು ಬಾಕಿ ಇದೆ ಎಂದಳು.

ಕಾನ್ಫರೆನ್ಸಿನಲ್ಲಿ ನಿಮ್ಮ ಬಾಯಿ ತೋರಿಸಬೇಕು ಎಂದು ಕಾಲೇಜಿನಿಂದ ಫೋನು ಬಂತು. ಸ್ನಾನ ಮಾಡಿಕೊಂಡು ಒಳ್ಳೆ ಸೀರೆ ಉಟ್ಟು ಬನ್ನಿ, ದೊಡ್ಡ ದೊಡ್ಡ ಡಾಕ್ಟರರು ಬರುತ್ತಾರೆ ಎಂದರು. ಅಂಕಮ್ಮ ರೇಖಾಳ ಜೊತೆ ಹೋದಳು. ಕಾಲೇಜಿನ ಸಭೆಯ ಹಾಲಿನೊಳಗೆ ಏಸಿಯ ಚಳಿ. ಮೆತ್ತನೆ ಕುರ್ಚಿಗಳ ತುಂಬ ಹೊರ ರಾಜ್ಯದ ಡಾಕ್ಟರರು. ಕಾಲೊನಿಯ ಪೇಷೆಂಟುಗಳಿಗೆ ಪಕ್ಕದ ಗೋಡೆಯ ಬದಿಗೆ ಬೆಂಚು. ರೇಖಾ ತಾಯಿಯ ಪಕ್ಕ ಕೂತು ಫೋನನ್ನು ಮಡಿಲಲ್ಲಿ ನಿಲ್ಲಿಸಿ ವಿಡಿಯೋ ಒತ್ತಿದಳು.

ಪರದೆಯ ಮೇಲೆ ಬಾಯಿಗಳು ಬಂದವು, ಗೋಡೆಯಷ್ಟು ದೊಡ್ಡವು. ಯಾರ ಗುರುತೂ ಸಿಗಬಾರದೆಂದು ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿದ್ದರು. ಒಂದು ಬಾಯಿ ಬಂದಾಗ ಅಂಕಮ್ಮ ಬೆಂಚಿನಿಂದ ಮುಂದಕ್ಕೆ ಬಗ್ಗಿದಳು. ಕಪ್ಪು ಪಟ್ಟಿಯ ಕೆಳಗೆ, ಎಳೆದು ಹಿಡಿದ ತುಟಿಯ ಕೆಳಗೆ, ಹಸಿರು ಚುಕ್ಕಿಯ ಸುತ್ತ ಸಣ್ಣ ಚುಕ್ಕಿಗಳು. ಓದಿದವರು ಮನುಷ್ಯರ ಗುರುತು ಕಣ್ಣಿನಲ್ಲಿ ಮಾತ್ರ ಇರುತ್ತದೆಂದು ತಿಳಿದಿದ್ದರು. ಮಣ್ಣಿಗೂ ಸಿಗದೆ ಹೋದ ಲಕ್ಷ್ಮಮ್ಮನ ಗದ್ದ ಇಲ್ಲಿ ಈ ಚಳಿಯ ಹಾಲಿನಲ್ಲಿ ಬೆಳಕಾಗಿ ಕೂತಿತ್ತು.

ಸೋಮನಾಥ್ ಇಂಗ್ಲಿಷಿನಲ್ಲಿ ಏನೋ ಹೇಳಿದ. ಏನಂತೆ ಎಂದು ಅಂಕಮ್ಮ ಕೇಳಿದಳು. ಮುಲಾಮಿನಿಂದ ಮಚ್ಚೆ ಕುಗ್ಗಿತಂತೆ, ಆಮೇಲೆ ಪೇಷೆಂಟು ತಾನೇ ಬರುವುದು ಬಿಟ್ಟಳಂತೆ ಎಂದು ರೇಖಾ ಪಿಸುಗುಟ್ಟಿದಳು. ಹಾಲಿನಲ್ಲಿ ಚಪ್ಪಾಳೆ ಬಿತ್ತು. ಅಂಕಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಂಡಿದಳು.

ಆಮೇಲೆ ಅವಳ ಸರದಿ. ವೇದಿಕೆಯ ಮೇಲೆ ಹಲ್ಲಿನ ಕುರ್ಚಿ ಹಾಕಿದ್ದರು. ಸಣ್ಣ ಕ್ಯಾಮೆರಾ ಬಾಯೊಳಗೆ ಹೋದರೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಸೋಮನಾಥ್ ಕೈಗವಸು ಹಾಕಿ ಬಗ್ಗಿದ. ಅವನ ಕೋಟಿನ ಅಂಚಿಗೆ ಚಿಕ್ಕ ಮೈಕು ಸಿಕ್ಕಿಸಿತ್ತು.

ಬಾಯಿ ತೆಗಿಯಮ್ಮ ಎಂದ. ಅಂಕಮ್ಮ ತೆಗೆಯಲಿಲ್ಲ. ಅವನು ಸಭೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ತಮಾಷೆ ಮಾಡಿದ, ಸಭೆ ನಕ್ಕಿತು. ಮತ್ತೆ ಬಗ್ಗಿ, ನಾಚಿಕೆ ಬೇಡಮ್ಮ, ದೊಡ್ಡದಾಗಿ ತೆಗಿ ಎಂದ. ಅಂಕಮ್ಮ ತುಟಿ ಬಿಗಿದಳು. ಅವನ ಮುಖದ ಸಕ್ಕರೆ ಕರಗಿತು. ಹೆಬ್ಬೆರಳನ್ನು ಅವಳ ದವಡೆಗೆ ಒತ್ತಿ, ಇನ್ನೊಂದು ಕೈಯ ಬೆರಳನ್ನು ತುಟಿಯ ನಡುವೆ ತುರುಕಲು ನೋಡಿದ.

"ಏಯ್, ತೆಗಿಯೇ ಬಾಯ್ನ."

ಕಚ್ಚಬಹುದಿತ್ತು. ಬೆರಳು ಹಲ್ಲಿನ ಮುಂದೆಯೇ ಇತ್ತು. ಮೂಳೆ ಸಿಗುವವರೆಗೆ ಕಚ್ಚುವಷ್ಟು ಸಿಟ್ಟೂ ಇತ್ತು. ಕಚ್ಚಿದ್ದರೆ ನಾಯಿ ಎನ್ನುತ್ತಿದ್ದರು, ಅವನು ಬ್ಯಾಂಡೇಜು ಕಟ್ಟಿಕೊಂಡು ದೇವರಾಗುತ್ತಿದ್ದ. ಅಂಕಮ್ಮ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ತಳ್ಳಿದಳು. ಕಸದ ಗಾಡಿ ತಳ್ಳಿದ ಕೈ. ಅವನು ಎರಡು ಹೆಜ್ಜೆ ಹಿಂದೆ ಹೋದ.

ಅವನ ಬಾಯಿಂದ ಮಾತು ಜಾರಿತು. "ಇವ್ರಿಗೆ ಎಷ್ಟ್ ಮಾಡಿದ್ರೂ ಇಷ್ಟೇ. ಹೊಲಗೇರಿ ಬುದ್ಧಿ ಎಲ್ಲೋಗುತ್ತೆ." ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಮೈಕು ಅವನ ಎದೆಯ ಮೇಲೇ ಇತ್ತು, ಹಾಲಿನ ಮೂಲೆ ಮೂಲೆಗೂ ಕೇಳಿಸಿತು.

ಅಂಕಮ್ಮ ಕುರ್ಚಿಯಿಂದ ಇಳಿದು ಅವನ ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದು ನಿಂತಳು. ಅವನ ಮೈಕಿಗೇ ಮಾತಾಡಿದಳು.

"ಆಗ್ಲೇ ಹಸಿರು ಹಚ್ಚೇದು ತೋರ್ಸಿದ್ರಲ್ಲ, ಆ ಬಾಯಿ ಲಕ್ಷ್ಮಮ್ಮಂದು. ಅವಳು ಬರೋದ್ ಬಿಡ್ಲಿಲ್ಲ, ಸತ್ತೋದ್ಲು. ಕ್ಯಾನ್ಸರ್ ಬಂದು ದವಡೆ ಕೊಯ್ಸ್ಕೊಂಡು ಸತ್ತೋದ್ಲು. ಸತ್ಳು ಅಂತ ನಾನೇ ಬಂದು ಹೇಳಿದೀನಿ. ನನ್ ಬಾಯಲ್ಲೂ ಅದೇ ಐತೆ. ಇವ್ರಿಗೆ ಗೊತ್ತಿತ್ತು. ನಾನು ಓಡೋಗ್ಬಾರ್ದು ಅಂತ ನನ್ ಹಲ್ಲು ಮುಗಿಸ್ದೆ ಇಟ್ಕೊಂಡಿದ್ರು."

ಕನ್ನಡ ಬರುವವರು ಬಾರದವರಿಗೆ ಹೇಳಿದರು. ಮುಂದಿನ ಸಾಲಿನ ಒಬ್ಬರು ಎದ್ದು ಸೋಮನಾಥನನ್ನು ಏನೋ ಕೇಳಿದರು. ಅವನು ಇವಳಿಗೆ ತಲೆ ಸರಿಯಿಲ್ಲ ಎನ್ನುವಂತೆ ಕೈ ತಿರುಗಿಸಿದ. ಅಂಕಮ್ಮ ವೇದಿಕೆಯ ಅಂಚಿನಲ್ಲಿ ನಿಂತಿದ್ದ ಮೇಘಶ್ರೀಯ ಕಡೆ ತಿರುಗಿದಳು. ಮೇಡಂ, ಲಕ್ಷ್ಮಮ್ಮ ಸತ್ತದ್ದನ್ನು ನಾನು ಹೇಳಿದ್ದೆನೋ ಇಲ್ಲವೋ ನೀವೇ ಹೇಳಿ ಎಂದಳು. ಹುಡುಗಿ ಸೋಮನಾಥನ ಕಡೆ ನೋಡಿದಳು. ಆಮೇಲೆ ಹೌದು, ಹೇಳಿದ್ದರು ಎಂದಳು. ಆ ಒಂದು ಹೌದಿಗೆ ಅವಳಿಗೆ ಹಾರ ಹಾಕಬೇಕಾಗಿಲ್ಲ. ಲಕ್ಷ್ಮಮ್ಮ ಬದುಕಿದ್ದಾಗ ಹೇಳಿದ್ದರೆ ಹಾಕಬಹುದಿತ್ತು.

ಬೆಂಚಿನ ಮೇಲೆ ಕೂತಿದ್ದ ಕಾಲೊನಿಯವರು ಒಬ್ಬೊಬ್ಬರಾಗಿ ಎದ್ದರು. ಎದೆಗೆ ಸಿಕ್ಕಿಸಿದ್ದ ನಂಬರಿನ ಚೀಟಿ ಕಿತ್ತು ಬೆಂಚಿನ ಮೇಲಿಟ್ಟು ಹೊರಟರು. ಅಂಕಮ್ಮ ಕೊನೆಗೆ ಹೊರಟಳು.

ಆಪರೇಷನ್ ಆಯಿತು. ಕೆನ್ನೆಯ ಒಳಗಿನ ಮಾಂಸ ಕೊಯ್ದು ತೊಡೆಯ ಚರ್ಮ ತಂದು ಹೊಲಿದರು. ಮುಗಿಸದೆ ಬಿಟ್ಟ ಹಲ್ಲನ್ನೂ ಅದರ ಅಕ್ಕಪಕ್ಕದವನ್ನೂ ಕಿತ್ತರು. ಆರು ತಿಂಗಳು ಮುಂಚೆ ಬಂದಿದ್ದರೆ ಇಷ್ಟು ಕೊಯ್ಯಬೇಕಾಗಿರಲಿಲ್ಲ ಎಂದು ಡಾಕ್ಟರು ಬರೆದೇ ಕೊಟ್ಟರು. ಜೀವ ಉಳಿಯಿತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ನೀರು ಕುಡಿದರೆ ಒಂದು ಕಡೆಯಿಂದ ಸೋರುತ್ತದೆ. ಮುದ್ದೆ ನುಂಗಬಹುದು, ರೊಟ್ಟಿ ಆಗುವುದಿಲ್ಲ. ಮಾತು ತೊದಲುತ್ತದೆ.

ಸಂಘದವರು ರೇಖಾಳ ವಿಡಿಯೋ ಹಿಡಿದುಕೊಂಡು ಠಾಣೆಗೆ ಹೋದರು. ಮೊದಲು ದೂರು ತೆಗೆದುಕೊಳ್ಳಲಿಲ್ಲ. ಪೌರಕಾರ್ಮಿಕರು ಗಾಡಿಗಳನ್ನೆಲ್ಲ ತಂದು ಠಾಣೆಯ ಮುಂದೆ ನಿಲ್ಲಿಸಿದರು, ಕಸ ತುಂಬಿದ ಗಾಡಿಗಳು, ಬಿಸಿಲು ಬೇರೆ. ಮಧ್ಯಾಹ್ನದ ಹೊತ್ತಿಗೆ ಎಫ್‌ಐಆರ್ ಆಯಿತು, ಜಾತಿ ದೌರ್ಜನ್ಯದ ಅಟ್ರಾಸಿಟಿ ಕೇಸೂ ಸೇರಿತು. ಕಾಲೇಜು ಸೋಮನಾಥನನ್ನು ಮನೆಗೆ ಕಳಿಸಿ, ಅವನು ಮಾಡಿದ್ದು ನಮಗೆ ಗೊತ್ತೇ ಇರಲಿಲ್ಲ ಎಂದು ಹೇಳಿಕೆ ಕೊಟ್ಟಿತು. ಮೊದಲ ಕೋರ್ಟಿನಲ್ಲಿ ಅವನಿಗೆ ಜಾಮೀನು ಸಿಗಲಿಲ್ಲ. ಒಂದಷ್ಟು ದಿನ ಒಳಗಿದ್ದು ಹೈಕೋರ್ಟಿನಲ್ಲಿ ಬಿಡಿಸಿಕೊಂಡು ಬಂದ. ದೂರುದಾರಳ ಹತ್ತಿರ ಸುಳಿಯಬಾರದೆಂದು ಕೋರ್ಟು ಹೇಳಿತ್ತು. ಆದರೂ ಒಂದು ಭಾನುವಾರ ಬೆಳಿಗ್ಗೆ ಕಾಲೊನಿಗೆ ಬಂದ.

ಕಾರು ಗಲ್ಲಿಗೆ ಹಿಡಿಸಲಿಲ್ಲ, ನಡೆದು ಬಂದ. ಅವನ ವಿಭೂತಿ ಹಾಗೇ ಇತ್ತು, ಕೋಟು ಇರಲಿಲ್ಲ. ಜಗುಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ನೋಡನೋಡುತ್ತ ಗಲ್ಲಿ ತುಂಬಿತು. ಬೋರಣ್ಣ ಗೋಡೆಗೆ ಒರಗಿ ನಿಂತ. ಲಕ್ಷ್ಮಮ್ಮನ ಅತ್ತೆ, ಮುದುಕಿ ರೇಣುಕವ್ವ, ಕೋಲೂರಿಕೊಂಡು ಬಂದಳು. ಅಂಕಮ್ಮ ಜಗುಲಿಯ ಮೇಲೆ ಕೂತಳು.

ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಮೊದಲ ಸಲ ಅವನು ಅವಳನ್ನು ನೀವು ಎಂದ. ಆದದ್ದು ಆಯಿತು, ತಪ್ಪು ತಿಳಿಯಬೇಡಿ, ಕೇಸು ನಡೆದರೆ ನಿಮಗೂ ಅಲೆದಾಟ, ರಾಜಿಗೆ ಸಹಿ ಮಾಡಿದರೆ ನಿಮಗೆ ಹೊಸ ಹಲ್ಲು ಕಟ್ಟಿಸಿಕೊಡುತ್ತೇನೆ ಎಂದ. ಮಗಳಿಗೂ ದಾರಿ ಮಾಡುತ್ತೇನೆ, ಗುರುತಿನ ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್ ಕೆಲಸ ಖಾಲಿ ಇದೆ ಎಂದ. ಬಿ.ಕಾಂ. ಕೊನೆಯ ವರ್ಷದ ರೇಖಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಕೈಗೆ ಕೊಟ್ಟಳು. ಮನೆಗೆ ಬಂದವರಿಗೆ ಕೊಡಬೇಕಲ್ಲ.

ಅವನು ಲೋಟ ಹಿಡಿದುಕೊಂಡ. ಸ್ವಲ್ಪ ಹೊತ್ತು ಹಿಡಿದೇ ಇದ್ದ. ಆಮೇಲೆ ಜಗುಲಿಯ ತುದಿಗೆ ಇಟ್ಟು, ಈಗಷ್ಟೇ ಕುಡಿದು ಬಂದೆ ಎಂದ. ಆ ಮಾತನ್ನು ಅಲ್ಲಿರುವ ಪ್ರತಿಯೊಬ್ಬರೂ ಹುಟ್ಟಿದಾಗಿನಿಂದ ಕೇಳಿದ್ದರು.

"ನಮ್ ನೀರು ಒಲ್ಲೆ ಅನ್ನೋ ಬಾಯಿ ಎಂಗೈತೆ ಅಂತ ನೋಡ್ಬೇಕು ಸಾರ್," ಎಂದಳು ಅಂಕಮ್ಮ. "ತೆಗೀರಿ."

ಅವನು ನಕ್ಕ. ಯಾರೂ ನಗಲಿಲ್ಲ. ಬೋರಣ್ಣನ ಕಡೆ ನೋಡಿದ. ಬೋರಣ್ಣ ತೆಗೀರಿ ಎನ್ನುವಂತೆ ತಲೆ ಆಡಿಸಿದ. ಸೋಮನಾಥನ ಜೇಬಿನಲ್ಲಿ ರಾಜಿ ಕಾಗದ ಇತ್ತು, ಅವನ ಡಿಗ್ರಿ, ಮನೆ, ಮಾನ ಎಲ್ಲ ಆ ಕಾಗದದಲ್ಲಿತ್ತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಾಯಿ ತೆರೆದ.

ಅಂಕಮ್ಮ ರೇಖಾಳ ಫೋನಿನ ಟಾರ್ಚು ಹಾಕಿ ಬಗ್ಗಿದಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಆತುರ ಮಾಡಲಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು, ನಾಲಿಗೆಯ ಅಡಿ. ಬನ್ನಿ ನೋಡಿ ಎಂದು ಗಲ್ಲಿಯವರನ್ನು ಕರೆದಳು. ಒಬ್ಬೊಬ್ಬರೂ ಬಂದರು. ಅವನ ತಲೆಯ ಮೇಲೇ ಮಾತಾಡಿಕೊಂಡರು. ಒಳಗೆ ಚಿನ್ನದ ಹಲ್ಲೊಂದಿದೆ ಎಂದರು. ಇದೇನು ನಮ್ಮ ಬಾಯಿಯ ಹಾಗೇ ಕೆಂಪಗಿದೆಯಲ್ಲ ಎಂದರು. ಯಾರೋ ಫೋಟೋ ತೆಗೆದರು. ಉಗುಳು ಅವನ ತುಟಿಯಂಚಿನಿಂದ ಇಳಿದು ಅಂಗಿಯ ಕಾಲರಿಗೆ ಸೋರಿತು. ಒರೆಸಿಕೊಳ್ಳಲು ಕೈ ಎತ್ತಿದ. ಅಂಕಮ್ಮ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು.

ಕೊನೆಗೆ ರೇಣುಕವ್ವ ಬಂದಳು. ಕೋಲನ್ನು ರೇಖಾಳಿಗೆ ಕೊಟ್ಟು ಎರಡೂ ಕೈಯಿಂದ ಅವನ ದವಡೆಯನ್ನು ತಡವಿದಳು, ಕಿವಿಯ ಬುಡದಿಂದ ಗದ್ದದವರೆಗೆ. ಬಹಳ ಹೊತ್ತು ತಡವಿದಳು.

"ಎಲ್ಲಾ ನೆಟ್ಟಗೈತೆ," ಎಂದಳು. "ದವಡೆ ಪೂರ್ತಿ ಐತೆ."

ಮುದುಕಿ ಅಲ್ಲೇ ಜಗುಲಿಗೆ ಒರಗಿ ಅಳತೊಡಗಿದಳು. ಸೊಸೆ ಸತ್ತಾಗ ಅತ್ತಿರಲಿಲ್ಲ ಆಕೆ.

ಅಂಕಮ್ಮ ಟಾರ್ಚು ಆರಿಸಿದಳು. ಅವನು ಬಾಯಿ ಮುಚ್ಚಿ, ಕಾಲರು ಒರೆಸಿಕೊಂಡು, ಜೇಬಿನಿಂದ ಕಾಗದ ತೆಗೆದು ಅವಳ ಮುಂದೆ ಚಾಚಿದ. ಪೆನ್ನನ್ನೂ ಬಿಚ್ಚಿ ಕೊಟ್ಟ. ಅಂಕಮ್ಮ ಮುಟ್ಟಲಿಲ್ಲ.

"ಸಹಿ ಹಾಕ್ತೀನಿ ಅಂತ ನಾನು ಯಾವಾಗ ಹೇಳ್ದೆ?" ಎಂದಳು. ಮಾತು ತೊದಲಿತು, ಆದರೆ ಎಲ್ಲರಿಗೂ ಅರ್ಥವಾಯಿತು. "ಬಾಯ್ ತೆಗೀರಿ ಅಂದೆ. ತೆಗೆದ್ರಿ."

ಅವನು ಗಲ್ಲಿಯ ಆಚೆ ಹೋಗುವವರೆಗೆ ಯಾರೂ ದಾರಿ ಬಿಡಲಿಲ್ಲ, ಯಾರೂ ತಡೆಯಲೂ ಇಲ್ಲ. ಅಡ್ಡಡ್ಡ ತಿರುಗಿ ಜನರ ಮೈಗೆ ಮೈ ಉಜ್ಜಿಕೊಂಡು ಹೋದ. ಅವನು ಇಲ್ಲಿಗೆ ಬಂದದ್ದನ್ನೂ ಕೋರ್ಟಿಗೆ ಹೇಳಬೇಕು ಎಂದು ಬೋರಣ್ಣ ವಕೀಲರಿಗೆ ಫೋನು ಹಚ್ಚಿದ. ರೇಖಾ ತಾಯಿಯ ಪಕ್ಕ ಕೂತು, ಈಗ ಸಮಾಧಾನ ಆಯಿತಾ ಅಮ್ಮ ಎಂದು ಕೇಳಿದಳು.

"ಇಲ್ಲ," ಎಂದಳು ಅಂಕಮ್ಮ. "ಜೈಲಿಗೆ ಹೋಗಿ ಅಲ್ಲೇ ಇರ್ಲಿ. ಆಮೇಲೆ ಕೇಳು."